ಏಳನೇ ಪಾಠ

ಬಿಲ್ಬಾವೊ, ನಾಲ್ಕನೇ ಮಹಡಿ. ರಾತ್ರಿ ಹನ್ನೊಂದರ ಸಿನಿಮಾ.
ತುಟಿ ಜಪಾನಿನದು, ಮಾತು ಸ್ಪ್ಯಾನಿಷ್ಷು.
ಎದುರ್ನೆ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತ
ನಾನು ಭಾಷೆ ಕಲಿಯುತ್ತೇನೆ.

ಪಿಸ್ತೂಲು, ಬಾಡಿಗೆ ಹಂತಕ,
"ಬಾಗಿಲು ತೆಗಿ, ಒಳಗಿದ್ದೀಯ ಅಂತ ಗೊತ್ತು" –
ಎಲ್ಲ ಬಾಯಿಪಾಠ.
ಅಂಗಡಿಯಲ್ಲಿ ಅರ್ಧ ಕಿಲೋ ಈರುಳ್ಳಿಗೆ
ಇವತ್ತಿಗೂ ಬೆರಳೇ ಗತಿ.

ಅಜ್ಜಿಗೆ ಅರ್ಧಕ್ಕೇ ಗೊರಕೆ.
ಬೆಳಿಗ್ಗೆ ಕಾಫಿಗೆ ಬ್ರೆಡ್ಡು ಅದ್ದುತ್ತ ಕೇಳುತ್ತಾಳೆ:
"ನಾನುಲಿ, ಆ ಪೇದೆ ಏನಾದ?"

ಏನಾದ! ಸೇತುವೆ ಮೇಲೆ ಗುಂಡು ತಿಂದ.
ಆದರೆ ನನ್ನ ಪುಸ್ತಕ ಇನ್ನೂ ಆರನೇ ಪಾಠ,
ನನ್ನ ಹತ್ತಿರ ಇರುವುದು ವರ್ತಮಾನಕಾಲ ಒಂದೇ.
"ಸೇತುವೆ ಮೇಲೆ ನಡೆಯುತ್ತಾನೆ," ಅನ್ನುತ್ತೇನೆ,
"ಟೋಪಿ ಇದೆ. ಚಳಿ ಇದೆ. ಮನೆಗೆ ಬರುತ್ತಾನೆ."

ಅಜ್ಜಿ ತಲೆದೂಗುತ್ತಾಳೆ.
ಗೋಡೆಯ ಫೋಟೊ ಕಡೆ ತಿರುಗಿ, "ನಮ್ಮ ಕೋಲ್ಡೊ?"
"ಹಡಗಿನಲ್ಲಿದ್ದಾನೆ. ಮೀನು ಹಿಡಿಯುತ್ತಾನೆ."
ವ್ಯಾಕರಣದ ತಪ್ಪೇನೂ ಇಲ್ಲ.

ಏಳನೇ ಪಾಠ ಭೂತಕಾಲ.
ಕುತೈಸಿಯಿಂದ ತಂಗಿ ಫೋನು ಮಾಡಿ
ಎಲ್ಲಿಗೆ ಬಂತೇ ನಿನ್ನ ಓದು ಅಂದರೆ,
ಪುಟ ಅಂಟಿಕೊಂಡಿದೆ ಅನ್ನುತ್ತೇನೆ –
ಎಣ್ಣೆಗೈ ನೋಡು.