ಉಪ್ಪುನೀರಿನ ಬ್ಯಾರಲ್

ಕ್ಯಾಂಪಿನ ಹರಾಜಿನ್ಯಾಗ ಹಿಡದದ್ದು ಇದು, ಲಾಟ್ ಹದಿನೇಳು.
ಟ್ರೇಲಿಯ ಮ್ಯಾಲ ಹಗ್ಗ ಬಿಗಿಸಿಕೊಂಡು
ಮೂರನೇ ಗೇಟಿನ್ಯಾಗ ಗೂಡ್ಸ್ ಗಾಡಿಗೆ ದಾರಿ ಬಿಟ್ಟು
ಉದ್ಯಮಬಾಗಿಗೆ ಬಂತು.
ಹಸಿರು ಮೈ, ಎದಿ ಮ್ಯಾಲ ಬಿಳೇ ಅಂಕಿ.
ಕಬ್ಬಿಣದ ತೂಕಕ್ಕ ಕೂಗಿದವರು ಮೂವರು,
ಎಂಜಿನ್ನಿಗಂತ ಕೂಗಿದವ ನಾ ಒಬ್ಬನ.

ಭರಮಾ, ಮೊದಲ ಕೈ ಹಚ್ಚಬ್ಯಾಡ, ಮೂಸಿ ನೋಡು.
ಟಾಕಿಯ ಮುಚ್ಚಳ ತಗಿ. ಹಳೇ ಡೀಸೆಲ್ ವಾರ್ನಿಶ್ ನಾತ ಹೊಡೀತೈತಿ,
ತಳದಾಗ ಕರೇ ಲೋಳಿ. ಬಸದು ತಗಿ,
ಬಕೀಟು ಹಿಡಿ, ಮೊನ್ನಿನಂಗ ಚಹಾದ ಕಿಟ್ಲಿ ಒಯ್ಯಬ್ಯಾಡ.
ಇದು ಇಪ್ಪತ್ನಾಕು ವೋಲ್ಟಿಂದು,
ಎರಡು ಬ್ಯಾಟರಿ ಬೆನ್ನಿಗೆ ಬೆನ್ನು ಜೋಡಸಬೇಕು.
ಹನ್ನೆರಡು ಕೊಟ್ಟು, ಗುರ್ ಅನ್ನಲಿಲ್ಲಂತ
ಸತ್ತೈತಿ ಅಂದು ಹೋದ ಆ ಶಹಾಪುರದ ಶಾಣ್ಯಾ.
ಅರ್ಧಾ ಹೆಸರಿಲೆ ಕರದರ ಯಾರು ಓ ಅಂತಾರ?

ಈಗ ಗಾಳಿ ತಗಿಯೂದು.
ಫಿಲ್ಟರಿನ ನೆತ್ತಿ ಮ್ಯಾಲಿನ ಸ್ಕ್ರೂ ಒಂದೂವರಿ ಸುತ್ತು ಸಡ್ಲ ಬಿಡು,
ಹೆಬ್ಬಟ್ಟಿಲೆ ಪಂಪ್ ಒತ್ತು, ಒತ್ತಕೊಂತ ಇರು.
ಮೊದಲ ಬುರುಗು, ಆಮ್ಯಾಲ ಗುಳ್ಳಿ,
ಮುಗೀತು ಅನ್ನೂದರಾಗ ಮತ್ತೊಂದು ಗುಳ್ಳಿ.
ಅವಸರ ಮಾಡಿದ್ರ ಆ ಕಡೀ ಗುಳ್ಳಿನ
ರಾತ್ರಿ ಎರಡಕ್ಕ ಯಾವುದೋ ದವಾಖಾನಿಯ ದೀಪ ಆರಸ್ತೈತಿ.
ಗೆರಿ ಎಳದಂಗ ಎಣ್ಣಿ ಬಂತಂದ್ರ ಬಿಗಿ ಮಾಡು.

ಪ್ಯಾನಲ್ಲಿನ ಬಾಗಲದ ಒಳಮೈಗೆ ಪೆನ್ಸಿಲ್ ಬರಹ, ಹಿಂದಿಯೊಳಗ:
ಯಾರು ಎಷ್ಟು ಚಹಾ ಕುಡದ್ರು ಅನ್ನೂದರ ಲೆಕ್ಕ.
ತಮಾಂಗ್ ನಾಕು, ಪಿಳ್ಳೈ ಎರಡು, ಯಾದವ್ ಆರು. ಯಾದವಂದು ಬಾಕಿ.
ಕೆಳಗ ಸಣ್ಣಗ: ಮೈನಸ್ ಹತ್ತೊಂಬತ್ತು, ಮೂರನೇ ಸಲಕ್ಕ ಚಾಲೂ.
ಅದನ್ನ ಥಿನ್ನರ್ ಹಚ್ಚಿ ಒರಸಬ್ಯಾಡ.
ಗಿರಾಕಿ ಕೇಳಿದ್ರ ವೈರಿಂಗಿನ ನಕಾಶಿ ಅನ್ನು.

ಇಲ್ಲಿ ಒಂದ ಸಲಕ್ಕ ಚಾಲೂ ಆತು.
ಬಿಳೇ ಹೊಗಿ, ಕಣ್ಣು ಉರಿಯೂವಂಥಾದ್ದು,
ಸೈಲೆನ್ಸರಿನ ಬಾಯಿಂದ ಜೋನಿಬೆಲ್ಲದಂಗ ಕರೇ ಎಣ್ಣಿ.
ನೀ ಅಂದಿ: ಮಿಸ್ತ್ರಿ, ರಿಂಗ್ ಹೋಗ್ಯಾವು, ಬಿಚ್ಚೂಣು.
ತಡಿಯೋ. ಮೀಟರ್ ನೋಡು,
ಇಪ್ಪತ್ತು ವರ್ಷಕ್ಕ ಆರನೂರಾ ಹನ್ನೊಂದು ತಾಸು.
ಮೂವತ್ತು ಕೆವಿಎ ತಾಕತ್ತಿನ ಯಂತ್ರ.
ಅದರ ಕಡಿಂದ ಮಾಡಿಸಿದ ಕೆಲಸ: ಒಂದು ವೈರ್‌ಲೆಸ್ ಪೆಟ್ಟಗಿ, ನಾಕು ಬಲ್ಬು.
ಉಳದ ದಿನ ತಾಡಪತ್ರಿ ಹೊತಗೊಂಡು ಕಾಯೂದು,
ತಿಂಗಳಿಗೊಮ್ಮೆ ಹತ್ತು ಮಿನಿಟು ಖಾಲಿ ತಿರಗೂದು, ಬಂದ್.
ಹೊರಿ ಸಾಲದ ಕೆಟ್ಟದ್ದು ಇದು.
ಮೈ ಕಾಯಲಿಲ್ಲ, ಕುಡದ ಎಣ್ಣಿ ಉರೀಲಿಲ್ಲ,
ಉರೀದ್ದು ಗಂಟಲದಾಗ ಕಟ್ಟಿಕೊಂತು.

ಪ್ಲಾಸ್ಟಿಕ್ ಬ್ಯಾರಲ್ ತುಂಬ ನೀರು, ಒಂದೆರಡು ಮುಷ್ಟಿ ಹರಳುಪ್ಪು.
ಮೂರು ಫೇಸಿಗೆ ಮೂರು ತಗಡು, ನೈಲಾನ್ ಹಗ್ಗಕ್ಕ ಕಟ್ಟಿ
ತುಸು ತುಸು ಇಳಸು. ಇಳಸಿದಷ್ಟೂ ಹೊರಿ.
ನೀ ಮಾತ್ರ ದೂರ ನಿಂದ್ರು,
ಕೈ ಅದ್ದಿದ್ರ ನಿಮ್ಮವ್ವಗ ನಾ ಏನಂತ ಹೇಳಲಿ.
ಕಾಲು ಭಾಗ. ಅರ್ಧಾ. ಮುಕ್ಕಾಲು.
ನೀರು ಕುದಿಯಾಕ ಹತ್ತಿತು.
ಎಂಜಿನ್ನಿನ ದನಿ ಗಂಟಲದಿಂದ ಹೊಟ್ಟಿಗಿ ಇಳೀತು,
ಗವರ್ನರ್ ಒಮ್ಮೆ ತಡವರಿಸಿ ಹೆಗಲು ಕೊಟ್ಟಿತು.
ಕೊಳವಿಯಿಂದ ಕಿಡಿ, ಫೌಂಡ್ರಿಯ ಹೊಗಿಗೆ ನಮ್ಮ ಹೊಗಿ,
ಪಕ್ಕದ ಲೇಥಿನ ಗುರುಪಾದ ಕೆಮ್ಮಿಕೊಂತ ಬೈದ.
ಎರಡು ತಾಸು ಹಂಗ. ಮೂರನೇದಕ್ಕ
ಕೊಳವಿ ಒಣಗಿ ಬೂದಿಬಣ್ಣಕ್ಕ ತಿರಗಿತು,
ಬಾಯಿಯ ಮ್ಯಾಲ ಗಾಳಿ ಬರೇ ನಡಗತಿತ್ತು,
ಬ್ಯಾಸಗಿ ಡಾಂಬರದ ಮ್ಯಾಲ ನಡಗಿದಂಗ.

ನೀ ಬಾಯಿ ತಕ್ಕೊಂಡು ನೋಡಕೊಂತ ನಿಂತಿದ್ದಿ.
ಕೈಯಾಗ ಅದ ಕಿಟ್ಲಿ.
ಎರಡು ವರ್ಷ ಆತಲ್ಲೋ ನೀ ಬಂದು,
ನಾ ನಿನ್ನ ಕಡಿಂದ ಪಾನಾ ಒರಿಸಿದೆ, ಚಹಾ ತರಿಸಿದೆ.

ಹೊರಗ ಲಾಟ್ ಹದಿನೆಂಟು ನಿಂತೈತಿ, ತಿರಗ್ತೈತಿ, ಕರೆಂಟ್ ಕೊಡವಲ್ದು.
ಹೋಗು, ನೀನ ಬಿಚ್ಚು.
ಕಿಟ್ಲಿ ಇಲ್ಲೆ ಕೊಡು.