ಬುಗುಡಿಗೊಂದು ಗುಳಿ

ಬನಹಟ್ಟಿಯಲ್ಲಿ ಈ ತಿಂಗಳು
ನೂರಾ ಹನ್ನೆರಡು ಕಿವಿ ಅಳೆದೆ.
ಐವತ್ತಾರು ಜೋಡಿ ಅನ್ನಬೇಕು,
ಆದರೆ ಜೋಡಿ ಅನ್ನುವ ಮಾತು ಕಿವಿಗೆ ಒಪ್ಪುವುದಿಲ್ಲ.
ಎಡಗಿವಿ ತುಸು ಮುಂದೆ ಬಾಗಿ ಚಾಡಿ ಕೇಳುತ್ತದೆ,
ಬಲಗಿವಿ ಬುರುಡೆಗೆ ಒರಗಿ
ಮನೆಯಳಿಯನ ಹಾಗೆ ಕೂತಿರುತ್ತದೆ.

ಕೈಯಲ್ಲಿ ಬೆಳಗಾವಿಯಿಂದ ತಂದ ಕ್ಯಾಲಿಪರ್,
ಅಲ್ಲಿ ಎರಕದ ಉಂಗುರ ಅಳೆದದ್ದು.
ಕಬ್ಬಿಣ ನಗುವುದಿಲ್ಲ.
ಇಲ್ಲಿ ಮುರಿಗೆಪ್ಪನಿಗೆ ತಾಗಿಸಿದರೆ
‘ಕಚಗುಳಿ ಆಗತೈತ್ರೀ ಅಕ್ಕಾರ’ ಎಂದು
ಹೆಗಲೆತ್ತಿ ಕುತ್ತಿಗೆ ಮುಚ್ಚಿಕೊಳ್ಳುತ್ತಾನೆ.
ಅರವತ್ತಮೂರು ಮಿಲಿಮೀಟರ್ ಎಂದು ಬರೆದದ್ದು
ಅರವತ್ತೊಂದೋ, ಅರವತ್ತೈದೋ.

ಶೆಡ್ಡಿನ ಗೂಟಕ್ಕೆ ಹಳೆಯ ಹೆಡ್‌ಫೋನುಗಳು ತೂಗುತ್ತಿದ್ದವು,
ಮಗ್ಗದ ಸದ್ದು ಹೊರಗೆ, ರೇಡಿಯೋ ಒಳಗೆ
ಇರಲೆಂದು ಮಾಲಕರು ತರಿಸಿದ್ದು.
ಯಾವ ದೇಶದ ತಲೆಯ ಅಳತೆಯೋ.
ಒಂದರೊಳಗೆ ಜೇಡ ಬಲೆ ನೇಯ್ದಿತ್ತು.
ಇಡೀ ಶೆಡ್ಡಿಗೆ ಸದ್ದಿಲ್ಲದ ಮಗ್ಗ ಅದೊಂದೇ.

ಯಾಕೆ ಹಾಕಿಕೊಳ್ಳುವುದಿಲ್ಲ ಎಂದರೆ
ಉತ್ತರ ಬಾಯಲ್ಲಿ ಬರಲಿಲ್ಲ. ಮಗ್ಗದ ಮಂದಿ
ಹುಬ್ಬಲ್ಲಿ ಮಾತಾಡುತ್ತಾರೆ, ಬೆರಳಲ್ಲಿ ಬೈಯುತ್ತಾರೆ.
ಒಬ್ಬ ನೆತ್ತಿ ಮುಟ್ಟಿಕೊಂಡ.
ಇನ್ನೊಬ್ಬ ಚಾಳೀಸಿನ ಕಡ್ಡಿ ತೋರಿಸಿದ.
ಮೂರನೆಯವ ದವಡೆ ಆಡಿಸಿ ತೋರಿಸಿದ:
ಎಲೆಯಡಿಕೆ ಜಗಿದಾಗಲೆಲ್ಲ ದಿಂಬು ಎದ್ದು
ಸಂದಿಯಲ್ಲಿ ಮಗ್ಗ ನುಗ್ಗುತ್ತದೆ.
ದವಡೆಯ ಕೀಲು ಕಿವಿಗೆ ಪಕ್ಕದ ಮನೆ,
ಅಲ್ಲಿ ಕುಟ್ಟಿದರೆ ಇಲ್ಲಿ ಗೋಡೆ ಅದುರುತ್ತದೆ.
ಪುಸ್ತಕದಲ್ಲಿ ಓದಿದ್ದೆ ಇದನ್ನು,
ಅಡಿಕೆ ಹಾಕಿಕೊಂಡು ಓದಿರಲಿಲ್ಲ.

ಹಡಪದ ಬಾಳಪ್ಪನ ಅಂಗಡಿಗೆ ಹೋದೆ,
ಮೂವತ್ತು ವರ್ಷ ತಲೆ ಹಿಡಿದ ಕೈ.
ಅರ್ಧ ನೊರೆಯಲ್ಲಿದ್ದ ಗಿರಾಕಿಯ ಕಿವಿ ಮಡಿಚಿ
‘ಇಲ್ಲಿ ಚರ್ಮ ಹಾಲಿನ ಕೆನಿ, ಮುಟ್ಟಿದ್ರ ಹರೀತೈತಿ.
ಹಿಂದಿನ ಎಲುಬು ಗಟ್ಟಿ, ಆದ್ರ ಸಿಟ್ಟಿಂದು.
ಕೆಳಗ ಮಾಂಸ ಐತಿ, ತುಸು ಒತ್ತಿದ್ರ ಬೈಯಂಗಿಲ್ಲ.’
ಗಿರಾಕಿ ನಕಾಶೆಯಂತೆ ಸುಮ್ಮನಿದ್ದ.

ದಿಂಬು ಹೊಲಿದುಕೊಟ್ಟವರು ದಸ್ತಗೀರ ಮಾಸ್ತರ.
ರೆಕ್ಸಿನ್ ಒಲ್ಲೆ ಅಂದರು, ಬೆವರು ಕುಡಿಯುವುದಿಲ್ಲ ಅದು.
ಹಳೆ ಧೋತರದ ಅರಿವೆ ತೊಗೊಂಡು
ಹೊಲಿಗೆ ಹೊರಮುಖ ಮಾಡಿದರು,
ಕೂಸಿನ ಕುಂಚಿಗೆಗೆ ಮಾಡುವ ಹಾಗೆ.

ಆಮೇಲೆ ರಾಚವ್ವ.
ಕಂಡಿಕೆ ಸುತ್ತುವವಳು, ಕಿವಿಯ ಮೇಲಂಚಿಗೆ ಬುಗುಡಿ.
ಹತ್ತು ಎಣಿಸುವುದರೊಳಗೆ ಕಿತ್ತಿಟ್ಟಳು.
‘ಪಾಳಿ ಮುಗಿಯುವ ತನಕ ಬುಗುಡಿ ತೆಗೆದಿಟ್ಟರೆ?’
ನನ್ನ ಕಿವಿ ನೋಡಿದಳು. ಬರಿಗಿವಿ.
‘ಇದು ನಮ್ಮವ್ವ ಚುಚ್ಚಿಸಿದ್ದು.
ಆಮ್ಯಾಲ ಗಂಡ ಬಂದ, ಮಗ್ಗ ಬಂತು, ಈಗ ನೀ ಬಂದಿ.
ಕಡೀಕ ಬಂದಾವರು ಸರದು ಕುಂದರಬೇಕವ್ವ.’

ಆ ರಾತ್ರಿ ಲಾಡ್ಜಿನ ಟ್ಯೂಬ್‌ಲೈಟಿನ ಕೆಳಗೆ
ವಹಿಯಲ್ಲಿ ‘ಅಡ್ಡಿಗಳು’ ಎಂಬ ಪಟ್ಟಿಯಿಂದ
ಬುಗುಡಿಯನ್ನು ಹೊಡೆದು
‘ಅಂಗಗಳು’ ಎಂಬ ಪಟ್ಟಿಗೆ ಸೇರಿಸಿದೆ.
ಎತ್ತರ ಒಂಬತ್ತು, ಹಿಂದಿನ ತಿರುಪು ನಾಲ್ಕು.
ಬಟ್ಟಲೊಳಗೆ ಅದಕ್ಕೆಂದೇ ಒಂದು ಗುಳಿ ತೋಡಿದೆ.
ನೆತ್ತಿಯ ಪಟ್ಟಿ ಅಗಲಿಸಿದೆ,
ತುಂಬಿದ ಕೊಡಕ್ಕೆ ಸಿಂಬಿ ಇಟ್ಟಂತೆ.
ಸಿಂಬಿ ಭಾರ ಇಳಿಸುವುದಿಲ್ಲ, ಹಂಚುತ್ತದೆ.

ಏಳನೆಯ ಮಾದರಿ.
ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು.
ಎಲ್ಲರೂ ಕಳಚಿ ಗೂಟಕ್ಕಿಟ್ಟರು.
ರಾಚವ್ವ ಸೆರಗು ಹೊದ್ದು ಹೊರಗೆ ನಡೆದಳು,
ಹೆಡ್‌ಫೋನಿನ ಮೇಲೆಯೇ ಸೆರಗು.
ಓಣಿ ದಾಟಿದಳು, ಎಮ್ಮೆಗೆ ದಾರಿ ಬಿಟ್ಟಳು,
ಚಹಾದವನ ತುಟಿ ಓದಿ ‘ಸಕ್ಕರಿ ಕಮ್ಮಿ’ ಅಂದಳು.
ನಾನು ಹಿಂದೆ ಹಿಂದೆ.
ಹೇಳಬೇಕೆಂದು ಹೋದವಳು ಹೇಳಲಿಲ್ಲ.

ಬಟ್ಟಲು ಬರಿದಾದ ಮೇಲೆ
ಬುಗುಡಿ ಸರಿಮಾಡಿಕೊಳ್ಳಲು ಕೈ ಎತ್ತಿ
‘ಅಯ್ಯ!’ ಅಂದಳು. ‘ಇನ್ನೂ ಇಲ್ಲೇ ಐತಿ?’

ಮುರಿಗೆಪ್ಪನ ಎಡಗಿವಿ ಮಾತ್ರ
ಸಂಜೆಗೆ ಮೆಣಸಿನಕಾಯಿ.
ನಾಳೆ ಮತ್ತೆ ಅಳೆಯಬೇಕು,
ಅವನು ನಗದಿರುವಾಗ.