ಹಳದಿ ಪಾನಾ

ಮೂರು ವಾರದಿಂದ ಅದು ನನ್ನ ಜೊತೆ
ಕುಡತಿನಿ ಶಾಲೆಗೆ ಬಂದು ಹೋಗುತ್ತಿದೆ.
ಕೀಲಿ ತಿರುವಿದೊಡನೆ ಎದ್ದು ಕೂರುವ
ಉಗುರಿನಷ್ಟು ಪಾನಾ, ಅರಿಶಿನ ಬಣ್ಣ,
ವೇಗದ ಮುಳ್ಳಿನ ಮಗ್ಗುಲಲ್ಲಿ.
ಒಂಬತ್ತನೇ ಕ್ಲಾಸಿನಲ್ಲಿ ಹೀಗೇ ಒಬ್ಬಳಿದ್ದಾಳೆ,
ಬೆರಳೆತ್ತಿದಳೆಂದರೆ ಇಳಿಸುವುದಿಲ್ಲ.

ಶೋರೂಮಿನವ ಏಳು ಸಾವಿರದ ಮುನ್ನೂರು ಎಂದ.
ಕೌಲ್ ಬಜಾರಿನ ಮಸ್ತಾನಪ್ಪ ಚಹಾ ಆರಿಸಿಕೊಳ್ಳುತ್ತ,
"ಎಣ್ಣಿ ಡಬ್ಬಿ, ಫಿಲ್ಟರ್ ಒಯ್ರಿ ಟೀಚರ್,
ಹದಿನೇಳರ ಪಾನಾ ಕೊಡ್ತೀನಿ,
ಸೋಮವಾರ ವಾಪಸ್ ಬೇಕು ಮತ್ತ."
ಚೀಲದೊಳಗೆ ಅದರ ಭಾರ.
ಹಳದಿಯದು ಕೇಳುತ್ತಿದ್ದದ್ದು
ತನ್ನ ಅಣ್ಣನನ್ನೇ ಇರಬೇಕು.

ಭಾನುವಾರ. ಎರಡೆರಡು ಇಟ್ಟಿಗೆ, ಹಲಗೆ,
ಹಿಂದಿನ ಗಾಲಿಗೆ ಒರಳುಕಲ್ಲು.
ಹಳೇ ಚೂಡಿದಾರದಲ್ಲಿ ನಾನು ಕಾರಿನಡಿ.
ಮಗಳು ಪಂಪಾ ಪುಸ್ತಕ ಓದುತ್ತಾಳೆ,
ನ್ಯೂಸ್ ಓದುವವಳ ಗತ್ತಿನಲ್ಲಿ.
ನಟ್ಟು ಸಡಿಲಿತು, ಮೊಣಕೈವರೆಗೆ ಬಿಸಿ,
ಕತ್ತರಿಸಿದ ಅಡುಗೆ ಎಣ್ಣೆಯ ಕ್ಯಾನಿಗೆ
ಕರ್ರಗೆ ಜಡೆ ಬಿಚ್ಚಿಕೊಂಡು ಇಳಿಯಿತು
ಹತ್ತು ಸಾವಿರ ಕಿಲೋಮೀಟರು.

ಗಾಳಿಯ ಫಿಲ್ಟರು ತೆಗೆದರೆ
ತೋರಣಗಲ್ಲಿನ ರಸ್ತೆ ಅದರೊಳಗೆ
ಮಡಿಕೆ ಮಡಿಕೆಯಾಗಿ ಕೂತಿತ್ತು.
ಗೋಡೆಗೆ ಒಂದು ಸಲ ಕುಟ್ಟಿದೆ.
ಅಂಗಳ ಕೆಂಪಾಯಿತು. ಸೀನಿದೆವು, ಮೂವರೂ.

ಇಷ್ಟಾದ ಮೇಲೂ, ಕೀಲಿ ತಿರುವಿದರೆ, ಪಾನಾ.

ಅದು ಎಣ್ಣೆ ನೋಡಿಲ್ಲ.
ನನ್ನ ಕೈ ನೋಡಿಲ್ಲ.
ಅದಕ್ಕೆ ಬರುವುದು ಕೂಡಿಸುವ ಲೆಕ್ಕವೊಂದೇ.
ಕೆಲಸವಾಯಿತೆಂದು ಯಾರಾದರೂ ಹೇಳಬೇಕು,
ಸುಳ್ಳೇ ಹೇಳಿದರೂ ನಂಬುತ್ತದೆ ಪಾಪ.
ಗುಂತಕಲ್ಲಿನ ಏಜೆಂಟು, ನಮಗೆ ಇದನ್ನು ಮಾರಿದವನು,
ಬರೀ ಗುಂಡಿ ಒತ್ತಿ ಎಷ್ಟು ಸಲ ಬಾಯಿ ಮುಚ್ಚಿಸಿದ್ದನೋ.

"ಗುಂಡಿ ಒತ್ತಿ ಹಿಡಿ. ಈಗ ಕೀಲಿ. ಸ್ಟಾರ್ಟ್ ಮಾಡಬ್ಯಾಡ,"
ಪಂಪಾ ಎಣಿಸುತ್ತಾಳೆ, ಒಂದು, ಎರಡು,
ಐದು, ಆರು. ನನ್ನ ಹೆಬ್ಬೆರಳು ಜಾರಿತು.
"ಆರಕ್ಕೆ ಬಿಟ್ರೆ ಆರೂದಿಲ್ಲಮ್ಮಾ,
ಹತ್ತಿದ್ದು ಆರಬೇಕಂದ್ರ ಹತ್ತು ಎಣಿಸ್ಬೇಕು!"
ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ್ದೇನೆ,
ಈ ಪಾಠ ನನ್ನ ಬೋರ್ಡಿನ ಮೇಲೆ ಬಂದಿರಲಿಲ್ಲ.

ಮೆಟ್ಟಿಲ ಮೇಲೆ ತೊಗರಿ ಕೇರುತ್ತಿದ್ದ ಅತ್ತೆ
ಮೊರ ಕೆಳಗಿಟ್ಟರು.
"ಮುಸ್ಸಂಜಿ ಹೊತ್ತಿನಾಗ ಅದೇನು ಮಾತು?
ದೀಪ ಆರ್ಸೂದು ಅನಬಾರದು.
ದೊಡ್ಡದು ಮಾಡು ಅನಬೇಕು."
ಹುಲಿಗೆಮ್ಮ ಎಂಬ ಈ ಹೆಂಗಸು
ಕರೆಂಟು ಹೋದರೂ ಹೋಯಿತು ಎನ್ನುವುದಿಲ್ಲ,
ಬರಾಕ ಹೋಗೇದ ಎನ್ನುತ್ತಾರೆ.

ಮತ್ತೆ ಒತ್ತಿದೆ. ಎಣಿಸಲಿಲ್ಲ ಯಾರೂ.
ಅಂಕಿಗಳು ಕಣ್ಣು ಮಿಟುಕಿಸಿದವು,
ಮೂರು ಗೆರೆ ಬಂದವು, ಗೆರೆ ಹೋದವು,
ಆಮೇಲೆ ಒಂದರ ಮುಂದೆ ನಾಲ್ಕು ಸೊನ್ನೆ,
ಎಣ್ಣೆ ಹಚ್ಚಿ ಎರೆದು ಸಾಲಾಗಿ ಕೂರಿಸಿದ
ಕೂಸುಗಳ ಹಾಗೆ.
ಪಾನಾ ಇದ್ದ ಜಾಗದಲ್ಲಿ
ಬರೀ ಕಪ್ಪು ಗಾಜು, ಅದರಲ್ಲಿ ನನ್ನ ಮೂಗಿನ ಮೇಲಿನ ಮಸಿ.

"ಮತ್ತ ಹತ್ತತೈತೇನು ಅದು?"
"ಹತ್ತತೈತ್ರಿ, ಹತ್ತು ಸಾವಿರಕ್ಕ."
"ಹಂಗಾದ್ರ ಆರ್ಸಿಲ್ಲ ಬಿಡು," ಎಂದು
ಮೊರ ಎತ್ತಿಕೊಂಡರು.

ಕರೀ ಎಣ್ಣೆಯ ಕ್ಯಾನು ಗೋಡೆ ಪಕ್ಕ ಇದೆ,
ಒಂದು ಲೋಟ ಎದುರುಮನೆಯ ಬಡಿಗೇರರು
ಗೇಟಿನ ತಿರುಗಣಿಗೆಂದು ಕೇಳಿದ್ದಾರೆ.
ಅಡುಗೆಮನೆಯ ಕ್ಯಾಲೆಂಡರಿನಲ್ಲಿ,
ಗ್ಯಾಸ್ ಬಂದ ದಿನದ ಕೆಳಗೆ, ಹಾಲಿನ ಲೆಕ್ಕದ ಮೇಲೆ,
ಪೆನ್ಸಿಲಿನಲ್ಲಿ ಬರೆದೆ: ಎಣ್ಣೆ, ೬೧,೨೪೦.
ದೀಪದ ಮೇಲೆ ನಂಬಿಕೆಯಿಲ್ಲವೆಂದಲ್ಲ.
ಅದಕ್ಕೂ ಒಬ್ಬ ಸಾಕ್ಷಿ ಇರಲಿ ಅಂತ.

ನಾಳೆ ಮಸ್ತಾನಪ್ಪನ ಪಾನಾ ಕೊಡಬೇಕು.
ಎಲ್ಲಿಟ್ಟೆ?